ನೀಲವ್ವನ ಅಳತೆ

ಕಳೆದ ವಾರ ರವಿಕೆ ಹೊಲಿಸಲು ಹೋಗಿದ್ದೆ. ಅಂಗಡಿಯ ಹೆಣ್ಣುಮಗಳು ಟೇಪನ್ನು ನನ್ನ ಎದೆಯ ಸುತ್ತ ತಂದು ಎರಡೂ ತುದಿ ಕೂಡಿಸಿದಳು. ನಾನು ಉಸಿರು ಬಿಗಿಹಿಡಿದು ನಿಂತುಬಿಟ್ಟೆ.

"ಉಸರ ಬಿಡ್ರಿ ಬಾಯಾರ, ಇಲ್ಲಾಂದ್ರ ಜಂಪರ ಬಿಗಿ ಆಗತೈತಿ" ಎಂದಳು.

ಬಿಟ್ಟೆ. ಅವಳು ಮತ್ತೊಮ್ಮೆ ಅಳೆದು ಮೊದಲಿಗಿಂತ ಎರಡು ಇಂಚು ಹೆಚ್ಚು ಬರೆದುಕೊಂಡಳು. ಆ ಎರಡು ಇಂಚಿನ ಹೊಣೆಯನ್ನು ನಾನು ಒಪ್ಪಿಕೊಳ್ಳುತ್ತೇನೆ. ಈ ವಯಸ್ಸಿಗೆ ಅಷ್ಟು ಬರದಿದ್ದರೆ ನಮ್ಮ ಊರಿನ ಸಿಹಿತಿಂಡಿ ಕುಂದಾಕ್ಕೆ ಅವಮಾನ. ಆದರೆ ಉಸಿರು ಹಿಡಿದದ್ದು ಒಂದು ಕರಡಿಯ ದೆಸೆಯಿಂದ. ಟೇಪು ಯಾರ ಮೈ ಸುತ್ತಿದರೂ ಸರಿ, ನಾನು ಹಾಗೇ ನಿಂತುಬಿಡುತ್ತೇನೆ. ದರ್ಜಿಯ ಅಂಗಡಿಯಲ್ಲಿ ಇದನ್ನೆಲ್ಲ ಹೇಳುವುದು ಹೇಗೆ? ನಿಮಗಾದರೆ ಹೇಳಬಹುದು.

ಬೆಳಗಾವಿಯ ತೋಟವೊಂದರ ಮೂಲೆಯಲ್ಲಿ ಆಗ ಐದು ಪಂಜರಗಳಿದ್ದವು. ಅದಕ್ಕೆ ಪ್ರಾಣಿಸಂಗ್ರಹಾಲಯ ಎಂದು ಬೋರ್ಡು ಬರೆಸಿದ್ದರು. ಬೋರ್ಡು ಪಂಜರಗಳಿಗಿಂತ ದೊಡ್ಡದಿತ್ತು. ಒಂದರಲ್ಲಿ ಮೊಲಗಳು, ಒಂದರಲ್ಲಿ ನವಿಲು, ಒಂದರಲ್ಲಿ ಮಂಗಗಳು. ಹೊರಗೆ ಮರದ ಮೇಲಿದ್ದ ಮಂಗಗಳು ಒಳಗಿನವನ್ನು ನೋಡಲು ಸಂಜೆ ಹೊತ್ತು ಬಳಗದೊಂದಿಗೆ ಬರುತ್ತಿದ್ದವು. ನಾಲ್ಕನೆಯದು ಸದಾ ಖಾಲಿ. ಮಕ್ಕಳು ಎಲ್ಲಕ್ಕಿಂತ ಹೆಚ್ಚು ಹೊತ್ತು ನಿಂತು ನೋಡುತ್ತಿದ್ದದ್ದು ಅದನ್ನೇ. ಒಳಗೆ ಏನೋ ಅಡಗಿದೆ ಎಂದು ನಮಗೆ ಖಾತ್ರಿಯಿತ್ತು. ಐದನೆಯದರಲ್ಲಿ ನೀಲವ್ವ.

ನೀಲವ್ವ ಎಂದರೆ ಹೆಣ್ಣು ಕರಡಿ. ಕಪ್ಪು ಕೂದಲು ಬಿಸಿಲಿಗೆ ನೀಲಿ ಹೊಳೆಯುತ್ತಿತ್ತೆಂದು ಆ ಹೆಸರು. ಖಾನಾಪುರದ ಕಾಡಿನಿಂದ ಅವಳು ಮರಿಯಾಗಿ ಬಂದಾಗ ನನಗೆ ಐದು ವರ್ಷ. ನನ್ನನ್ನು ತೋಟಕ್ಕೆ ಕರೆದೊಯ್ಯುತ್ತಿದ್ದವಳು ಆಯಿ, ಅಪ್ಪನ ತಾಯಿ. ನೀಲವ್ವ ತನ್ನ ಮುಂಗಾಲನ್ನು ಬಾಯಲ್ಲಿಟ್ಟುಕೊಂಡು ಚೀಪುತ್ತ ಗುಂಯ್ ಎಂದು ಒಂದೇ ಸಮನೆ ಸದ್ದು ಮಾಡುತ್ತಿದ್ದಳು. ನಮ್ಮ ಮನೆ ವಡಗಾವಿಯ ಓಣಿಯಲ್ಲಿ. ಬಾಜೂ ಮನೆಯಲ್ಲಿ ದಿನವಿಡೀ ನೂಲು ಸುತ್ತುವ ರಾಟೆಯ ಸದ್ದು. "ಆಯಿ, ಕರಡಿ ಹೊಟ್ಟ್ಯಾಗೂ ರಾಟಿ ಐತೇನು?" ಎಂದು ಕೇಳಿದ್ದೆನಂತೆ. ಆಯಿ ಯೋಚಿಸಿ, "ಇರಬೇಕು. ಆಕಿ ಕಂಬಳಿ ಆಕಿನ ನೇಯ್ಕೊಂಡಾಳಲ್ಲ" ಎಂದಿದ್ದಳಂತೆ.

ಒಮ್ಮೆ ಅಪ್ಪ ಯಾರದೋ ಮನೆಗೆ ಒಯ್ಯಲೆಂದು ತಂದಿದ್ದ ಕುಂದಾದ ಪೊಟ್ಟಣವನ್ನು ನಾನು ಲಂಗದಲ್ಲಿ ಮುಚ್ಚಿಕೊಂಡು ಹೋಗಿ ಇಡಿಯಾಗಿ ಅವಳಿಗೆ ಕೊಟ್ಟೆ. ಉದ್ದನೆಯ ಮೂತಿ ಕಂಬಿಗಳ ನಡುವೆ ಹೊರಬಂತು, ಒಂದು ಸಲ ಉಸಿರೆಳೆದಳು, ಪೊಟ್ಟಣ ಖಾಲಿ. ಕಾಗದ ಉಳಿಯಿತು. ಮನೆಯಲ್ಲಿ ನನಗೆ ಬಿದ್ದ ಏಟುಗಳನ್ನು ಹೇಳುವುದಿಲ್ಲ. ಮರುದಿನ ಹೋದಾಗ ಅವಳು ನನ್ನನ್ನು ನೋಡಿದೊಡನೆ ಎದ್ದು ಬಂದಳು. ನೂರು ಮಂದಿಯ ನಡುವೆ ಒಬ್ಬರು ನನ್ನನ್ನು ಗುರುತು ಹಿಡಿದದ್ದು ಅದೇ ಮೊದಲು. ಕುಂದಾದ ವಾಸನೆಯನ್ನು ಗುರುತು ಹಿಡಿದಳೆಂದು ಪ್ರಾಣಿಶಾಸ್ತ್ರ ಓದಿದ ಮೇಲೆ ತಿಳಿಯಿತು. ಕೆಲವು ಸಂಗತಿಗಳನ್ನು ಓದಬಾರದು.

ಓದಿದೆನಲ್ಲ. ಜೈನರ ಮನೆಯ ಹುಡುಗಿ ಪ್ರಾಣಿಶಾಸ್ತ್ರ ಆರಿಸಿಕೊಂಡದ್ದು ನಮ್ಮ ಓಣಿಯಲ್ಲಿ ಕೆಲವು ದಿನ ಮಾತಿಗೆ ವಸ್ತುವಾಯಿತು. ನಾವು ಹೊತ್ತು ಮುಳುಗಿದ ಮೇಲೆ ಊಟ ಮಾಡದವರು, ದೀಪಕ್ಕೆ ಹುಳ ಬಿದ್ದರೆ ದೀಪ ಆರಿಸುವವರು. ನಾನು ಕಾಲೇಜಿನಿಂದ ಬಂದೊಡನೆ ಆಯಿ ಬಚ್ಚಲಿಗೆ ದಾರಿ ತೋರಿಸುತ್ತಿದ್ದಳು.

"ಇವತ್ತ ಎಷ್ಟು ಕಪ್ಪಿ?"

"ಒಂದ, ಆಯಿ. ಅದೂ ನಾ ಕೊಂದಿದ್ದಲ್ಲ. ಮೊದಲ ಸತ್ತಿತ್ತು. ನಾ ಬರೇ ಕೊಯ್ದು ನೋಡಿದೆ."

"ನೋಡು ಅಂತ ಅದು ಹೇಳಿತ್ತೇನು?"

ನಾನು ಬಚ್ಚಲಿಗೆ ಹೋಗಿ ಇನ್ನೊಮ್ಮೆ ಕೈ ತೊಳೆದೆ.

ಎಪ್ಪತ್ತರ ದಶಕ ಮುಗಿಯುವ ಹೊತ್ತಿಗೆ ನಾನು ಊರಿನ ಕಾಲೇಜೊಂದರಲ್ಲಿ ಕಲಿಸುತ್ತಿದ್ದೆ. ನೀಲವ್ವನಿಗೆ ಮುಪ್ಪು ಬಂದಿತ್ತು. ಒಂದು ಕಣ್ಣು ಪೂರ್ತಿ ಬೆಳ್ಳಗಾಗಿತ್ತು. ಹೆಚ್ಚಿನ ಹೊತ್ತು ಮಲಗಿರುತ್ತಿದ್ದಳು. ನಮ್ಮ ವಿಭಾಗದ ಮುಖ್ಯಸ್ಥರು ಪಾಟೀಲ ಸರ್. ಅವರಿಗೆ ಇದ್ದದ್ದು ಒಂದೇ ಕೊರಗು, ನಮ್ಮ ವಸ್ತುಸಂಗ್ರಹದ್ದು. ಅಲ್ಲಿ ಕುತ್ತಿಗೆಯ ಗರಿಯೆಲ್ಲ ಹುಳ ತಿಂದ ಒಂದು ಕೊಕ್ಕರೆ, ಒಂದು ಮುಂಗುಸಿ, ಮತ್ತು ಹುಡುಗರು ಪ್ರತಿ ವರ್ಷ ಬಾಯಿಗೆ ಬೀಡಿ ಇಡುತ್ತಿದ್ದ ಒಂದು ಮೊಸಳೆ ಇದ್ದವು. "ಪಾಠ ಮಾಡೂದು ಕರಡಿದು, ತೋರಸೂದು ಮುಂಗಸಿ" ಎಂದು ಅವರು ನೊಂದುಕೊಳ್ಳುತ್ತಿದ್ದರು.

ನೀಲವ್ವ ಸತ್ತ ಮೇಲೆ ಅವಳ ಚರ್ಮಕ್ಕೆ ಹುಲ್ಲು ತುಂಬಿಸಿ ಗಾಜಿನ ಕಪಾಟಿನಲ್ಲಿ ನಿಲ್ಲಿಸಬೇಕು ಎಂಬ ವಿಚಾರ ಮಾತ್ರ ಅವರದಲ್ಲ. ಅದು ನನ್ನದು. ಬರೆಯುವಾಗ ಇದನ್ನು ನುಂಗಿಬಿಡಬಹುದಿತ್ತು, ಆದರೆ ಆಗಿನ ನನ್ನ ಮನಸ್ಸಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ. ನನ್ನನ್ನು ಗುರುತು ಹಿಡಿದಿದ್ದ ಆ ಮೂತಿ ಮಣ್ಣಾಗುವುದು ನನಗೆ ಬೇಡವಾಗಿತ್ತು. ಮುಂದೆ ಹುಟ್ಟುವ ಮಕ್ಕಳೂ ಅವಳನ್ನು ನೋಡಲಿ ಎನ್ನಿಸಿತ್ತು. ಅರ್ಜಿ ಬರೆದೆ. ಪಾಟೀಲ ಸರ್ ಓದಿ, ನಿವೃತ್ತಿ ಹತ್ತಿರ ಬಂದವರ ಜಾಣತನದಿಂದ, "ಛಲೋ ಬರದೀ. ಸಹಿ ನಿಂದ ಇರಲಿ" ಎಂದರು. ತೋಟದ ಮೇಲಿನ ಅಧಿಕಾರಿ ಒಪ್ಪಿಗೆ ಕೊಟ್ಟರು.

ಒಪ್ಪದವನು ಪರಶುರಾಮ ಮಾಮಾ. ಅವನು ಖಾನಾಪುರದ ಕಡೆಯವನು, ನೀಲವ್ವನ ಜೊತೆಗೇ ತೋಟಕ್ಕೆ ಬಂದವನು, ಅವಳನ್ನು ನೋಡಿಕೊಳ್ಳುತ್ತಿದ್ದವನು. ಅವಳೊಂದಿಗೆ ಅವನ ಮಾತೆಲ್ಲ ಮರಾಠಿಯಲ್ಲಿ, ನಮ್ಮೊಂದಿಗೆ ಕನ್ನಡದಲ್ಲಿ.

"ಬಾಯಾರ, ಇಪ್ಪತ್ತಮೂರು ವರ್ಷ ಮಂದಿ ಮುಂದ ಕುಂತಾಳ ಆಕಿ. ಒಂದು ದಿನ ಸೂಟಿ ಕೊಟ್ಟಿಲ್ಲ ನೀವು. ರವಿವಾರ ಅಂತೂ ಉಸಿರಾಡಾಕ ಬಿಡಂಗಿಲ್ಲ. ಜವಾನಗೂ ಐವತ್ತೆಂಟಕ್ಕ ಮನಿಗೆ ಕಳಸ್ತಾರ. ಆಕಿಗೆ ಸತ್ತ ಮ್ಯಾಲೂ ಡ್ಯೂಟಿ ಏನು?"

"ಸತ್ತ ಮ್ಯಾಲ ಆಕಿಗೇನ ಗೊತ್ತಾಗತೈತಿ ಮಾಮಾ?"

"ಅದಕ್ಕನ ರೀ. ಈಗ ನೀವು ನೋಡಿದ್ರ ಆಕಿನೂ ನೋಡ್ತಾಳ. ಬ್ಯಾಸರಾದ್ರ ತಿರುಗಿ ಕುಂದರತಾಳ. ಗಾಜಿನ್ಯಾಗ ಹೆಂಗ ತಿರುಗಿ ಕುಂದರಬೇಕು?"

ಅವನ ಬೇಡಿಕೆ ಒಂದೇ: ತನ್ನ ಊರಿನ ಕಾಡಂಚಿನ ಮಣ್ಣಿಗೆ ಅವಳನ್ನು ಕೊಡಬೇಕು. ನಾನು ನಕ್ಕೆ. ಓದಿದವರ ನಗೆ, ನೀವೂ ಎಲ್ಲೋ ಕಂಡಿರುತ್ತೀರಿ.

ಇನ್ನು ಟೇಪಿನ ವಿಷಯ. ಹುಲ್ಲು ತುಂಬುವ ಕುಶಲಿಗರೊಬ್ಬರು ಮೈಸೂರಿನಲ್ಲಿದ್ದರು. ಅವರಿಗೆ ಕಾಗದ ಬರೆದಾಗ, ಪ್ರಾಣಿ ಸತ್ತೊಡನೆ, ಚರ್ಮ ಬಿಡಿಸುವ ಮುಂಚೆ, ಉದ್ದ, ಕುತ್ತಿಗೆ, ಎದೆಯ ಸುತ್ತಳತೆ ತೆಗೆದಿಡಿ ಎಂದು ಉತ್ತರ ಬಂತು. ಪಾಟೀಲ ಸರ್ ಎಲ್ಲ ಕೆಲಸವನ್ನೂ ಮುಂಗಡ ಮಾಡುವ ಮನುಷ್ಯ. ಮದುವೆ ಗೊತ್ತಾಗುವ ಮುಂಚೆಯೇ ಮಗಳ ರವಿಕೆಗಳನ್ನು ಹೊಲಿಸಿಟ್ಟಿದ್ದರು.

"ಸತ್ತ ಮ್ಯಾಲ ಗಡಿಬಿಡಿ ಆಗತೈತಿ. ಹೆಂಗೂ ಮಲಗೇ ಇರತೈತಿ. ಈಗನ ಅಳದು ಕಳಸಿದ್ರ, ಅವರು ಒಳಗಿನ ಕಟ್ಟಿಗಿ ಚೌಕಟ್ಟು ತಯಾರ ಮಾಡಿ ಇಟ್ಟಿರತಾರ" ಎಂದರು.

ನನಗೆ ಇದು ಅತ್ಯಂತ ಸರಿ ಎನ್ನಿಸಿತು. ಅದನ್ನು ನೆನೆದರೆ ಈಗಲೂ ಕಿವಿ ಬಿಸಿಯಾಗುತ್ತದೆ.

ಒಂದು ಬೇಸಿಗೆಯ ಮುಂಜಾನೆ ನಾನು, ನಮ್ಮ ವಿಭಾಗದ ಜವಾನ ಮಲ್ಲಪ್ಪ, ಓಣಿಯ ದರ್ಜಿಯಿಂದ ಕಡ ತಂದ ಒಂದು ಟೇಪು, ಮೂವರೂ ತೋಟಕ್ಕೆ ಹೋದೆವು. ಮಲ್ಲಪ್ಪ ಪಂಜರದ ಹೊರಗೆ ಪುಸ್ತಕ ಹಿಡಿದು ನಿಂತ. ಪರಶುರಾಮ ಮಾಮಾ ಅಧಿಕಾರಿಯ ಚೀಟಿಯನ್ನು ಎರಡು ಸಲ ತಿರುಗಿಸಿ ನೋಡಿ ಬಾಗಿಲು ತೆಗೆದ.

"ಅಳತಿ ತಗೊಂಡ್ರ ತಗೋರ್ರಿ. ನಾ ಆಕಿ ತಲಿ ಕಡೆ ಕುಂದರತೀನಿ. ನನ್ನ ಕಣ್ಣು ಆಕಿ ಕಣ್ಣಿಂದ ತಗಿಯಂಗಿಲ್ಲ. ನೀವು ಮಾತಾಡಬ್ಯಾಡ್ರಿ."

ಅವನು ಅವಳ ಮೂತಿಯ ಮುಂದೆ ಕುಕ್ಕರುಗಾಲಲ್ಲಿ ಕುಳಿತು ಬೆಲ್ಲದ ಹೆಂಟೆ ನೆಕ್ಕಿಸುತ್ತ "ಉಗಿ, ಉಗಿ" ಎನ್ನತೊಡಗಿದ. ಅಳುವ ಕೂಸನ್ನು ಮರಾಠಿಯಲ್ಲಿ ಹಾಗೆ ಸುಮ್ಮನಿರಿಸುತ್ತಾರೆ. ನಾನು ಹಿಂದಿನಿಂದ ಹೋಗಿ ಉದ್ದ ಅಳೆದೆ. ಕುತ್ತಿಗೆಯ ಮೇಲುಭಾಗ ಅಳೆದೆ. ಅವಳು ಅಲುಗಲಿಲ್ಲ. ಧೈರ್ಯ ಬಂತು. ಎದೆಯ ಸುತ್ತಳತೆಗಾಗಿ ಮೊಣಕಾಲೂರಿ, ಟೇಪಿನ ತುದಿಯನ್ನು ಅವಳ ಎದೆಯಡಿ ತೂರಿಸಿ ಆಚೆ ಬದಿಯಿಂದ ಎಳೆದುಕೊಂಡೆ. ಹೆಚ್ಚುಕಡಿಮೆ ಅವಳನ್ನು ತಬ್ಬಿಕೊಂಡಂತೆ. ಕೆನ್ನೆಗೆ ಕೂದಲು ತಾಗುತ್ತಿತ್ತು. ಒಳಗೆ ರಾಟೆ ಸಣ್ಣಗೆ ತಿರುಗುತ್ತಿತ್ತು. ಎರಡೂ ತುದಿ ಕೂಡಿಸಿ, ಕೂದಲು ಒತ್ತುವಂತೆ ಬಿಗಿ ಮಾಡಿದೆ.

ರಾಟೆ ನಿಂತಿತು.

ಮುಂದಿನದು ಎಷ್ಟು ಹೊತ್ತು ನಡೆಯಿತೋ ನನಗೆ ಗೊತ್ತಿಲ್ಲ. ಹತ್ತು ಎಣಿಸುವಷ್ಟೂ ಇರಲಿಕ್ಕಿಲ್ಲ. ಸಾಯಲು ಮಲಗಿದವಳು ಎದ್ದು ನಿಂತಿದ್ದಳು. ನಾನು ಅಂಗಾತ ಬಿದ್ದಿದ್ದೆ. ಅವಳ ಮುಂಗಾಲು ನನ್ನ ಸೀರೆಯ ನೆರಿಗೆಯ ಮೇಲೆ ಊರಿತ್ತು, ಉಗುರುಗಳು ಬಟ್ಟೆ ಸೀಳಿ ಕೆಳಗಿನ ನೆಲಕ್ಕೆ ತಾಗಿದ್ದವು. ಬಾಯಿ ನನ್ನ ಮುಖದ ಮೇಲೆ. ಬೆಲ್ಲದ ವಾಸನೆ, ಅದರ ಹಿಂದೆ ಇನ್ನೇನೋ ಹಳೆಯ ವಾಸನೆ. ಅವಳ ಬಾಯಿಂದ ಬಂದ ಕೂಗು ಪ್ರಾಣಿಯದೆಂದು ನನಗೆ ಅನ್ನಿಸಲಿಲ್ಲ. ಇಷ್ಟೆಲ್ಲ ಆದರೂ ನಾನು ಟೇಪಿನ ಎರಡೂ ತುದಿಗಳನ್ನು ಬಿಟ್ಟಿರಲಿಲ್ಲ. ಅಳತೆ ತಪ್ಪಿಹೋಗುತ್ತದಲ್ಲ!

"ಟೇಪ್ ಬಿಡ್ರಿ! ಬಾಯಾರ, ಟೇಪ್ ಬಿಡ್ರೀ!"

ಬಿಡಲಿಲ್ಲ. ಬಿಡುವುದು ಹೇಗೆಂದು ಬೆರಳುಗಳಿಗೆ ಮರೆತುಹೋಗಿತ್ತು. ಪರಶುರಾಮ ಮಾಮಾ ತನ್ನ ಎಡಗೈಯನ್ನು ಅವಳ ಬಾಯಿಗೂ ನನ್ನ ಮುಖಕ್ಕೂ ನಡುವೆ ತಂದ. ನನಗೆಂದು ತೆರೆದಿದ್ದ ಬಾಯಿ ಅವನ ಕೈಯ ಮೇಲೆ ಮುಚ್ಚಿತು. ಆಗ ಬಿಟ್ಟೆ. ಟೇಪು ಸಡಿಲವಾದ ಕ್ಷಣ ಅವಳೂ ಬಿಟ್ಟಳು. ಒಂದು ಸುತ್ತು ತಿರುಗಿ, ದೊಪ್ಪನೆ ಕುಳಿತು, ಮುಂಗಾಲು ಬಾಯಿಗಿಟ್ಟುಕೊಂಡಳು. ನಾನು ಅರ್ಧ ಸೀರೆಯನ್ನು ಅಲ್ಲೇ ಬಿಟ್ಟು ತೆವಳಿ ಹೊರಬಂದೆ. ಮಲ್ಲಪ್ಪ ತನ್ನ ಹೆಗಲಿನ ಟವೆಲ್ಲನ್ನು ನನ್ನ ಕಡೆ ಎಸೆದು ಮುಖ ಆಚೆ ತಿರುಗಿಸಿ ನಿಂತ. ಬೀಳುವಾಗ ನಾನು "ನಲವತ್ತಾರು!" ಎಂದು ಕಿರುಚಿದ್ದೆನಂತೆ. ಅದನ್ನು ಅವನು ಪುಸ್ತಕದಲ್ಲಿ ದುಂಡಗೆ ಬರೆದು, ಕೆಳಗೆ ಗೆರೆಯನ್ನೂ ಎಳೆದಿದ್ದ.

ಪರಶುರಾಮ ಮಾಮಾ ಬಾಗಿಲಿಗೆ ಅಗಳಿ ಹಾಕಿ, ರಕ್ತ ಸುರಿಯುವ ಕೈಯನ್ನು ಅಂಗಿಯಲ್ಲಿ ಸುತ್ತಿಕೊಂಡು ಕಟ್ಟೆಯ ಮೇಲೆ ಕುಳಿತ. ನಾನು ಅಳುತ್ತಿದ್ದೆ.

"ತಪ್ಪು ನಂದು, ಬಾಯಾರ. ನಮ್ಮ ಕಡೆ ಅಳತಿ ಅಂದ್ರ ಬಾಜೂಕ ಕೋಲ ಇಟ್ಟು ಅಳೀತಾರ. ನೀವು ಸುತ್ತತೀರಿ ಅಂತ ನನಗ ಗೊತ್ತಿರಲಿಲ್ಲ."

ಆಗ ಹೇಳಿದ. ಕಾಡಿನಲ್ಲಿ ಯಾರೋ ಮರಿಯನ್ನು ಹಿಡಿದು, ಎದೆಗೆ ಹಗ್ಗ ಬಿಗಿದು, ಎಂಟು ದಿನ ಗೂಟಕ್ಕೆ ಕಟ್ಟಿದ್ದರಂತೆ. ಹಗ್ಗ ಮಾಂಸದೊಳಗೆ ಇಳಿದಿತ್ತು. ಅದನ್ನು ಕುಡುಗೋಲಿನಿಂದ ಕೊಯ್ದು ತೆಗೆದವನು ಇವನು. ಆ ಕೂದಲಿನ ಕೆಳಗೆ ಈಗಲೂ ಬೆರಳಗಲದ ಬೋಳು ಗೆರೆ ಇತ್ತು. ಇಪ್ಪತ್ತಮೂರು ವರ್ಷ ಅವನು ಅವಳ ಮೈಮೇಲೆ ಒಂದು ದಾರವನ್ನೂ ಹಾಕಿರಲಿಲ್ಲ.

ಮಧ್ಯಾಹ್ನ ಅಧಿಕಾರಿ ಬಂದರು. ಅವರು ಕೇಳಿದ್ದು ಸರಳ ಪ್ರಶ್ನೆ: ಕರಡಿ ಕಚ್ಚಿತೋ? ಕಚ್ಚಿದ್ದರೆ ಅದನ್ನು ಗುಂಡು ಹಾಕಿ ಮುಗಿಸಬೇಕಾಗುತ್ತದೆ. ಮುದಿ ಪ್ರಾಣಿ, ಯಾರೂ ತಕರಾರು ಮಾಡುವುದಿಲ್ಲ.

"ಕರಡಿ ಅಲ್ರಿ ಸಾಹೇಬ್ರ. ಬಾಗಲದ ಕಬ್ಬಿಣ ಹರೀತು" ಎಂದ ಪರಶುರಾಮ ಮಾಮಾ. ಕೈಯನ್ನು ಮಾತ್ರ ಬಿಚ್ಚಿ ತೋರಿಸಲಿಲ್ಲ.

ಅಧಿಕಾರಿ ನನ್ನ ಕಡೆ ತಿರುಗಿದರು. "ನೀವು ಅಲ್ಲೇ ಇದ್ರಿ. ಓದಿದವರು. ಖರೇ ಹೇಳ್ರಿ."

ಮೈ ಮೇಲೆ ಮಲ್ಲಪ್ಪನ ಟವೆಲ್ಲು. "ಕಬ್ಬಿಣನ ರೀ" ಎಂದೆ. ನಮ್ಮ ಮನೆಯಲ್ಲಿ ಸುಳ್ಳು ಹೇಳುವುದು ಕಪ್ಪೆ ಕೊಯ್ಯುವುದಕ್ಕಿಂತ ದೊಡ್ಡ ತಪ್ಪು.

ಅಧಿಕಾರಿ ನನ್ನ ಸೀರೆಯ ಉಳಿದ ಭಾಗವನ್ನು ಪಂಜರದೊಳಗೆ ನೋಡಿದರು. ನನ್ನನ್ನು ನೋಡಿದರು. ಹೊರಟುಹೋದರು.

ಅಂದು ಆಯಿಗೆ ಎಲ್ಲವನ್ನೂ ಹೇಳಿದೆ. ಬಯ್ಯುತ್ತಾಳೆಂದುಕೊಂಡಿದ್ದೆ. ಅವಳು ನನ್ನ ಕೈಗಳನ್ನು ತನ್ನ ಮಡಿಲಲ್ಲಿಟ್ಟು ಒತ್ತಿ ಹಿಡಿದಿದ್ದಳು.

"ಸತ್ತ ಮ್ಯಾಲ ಇಟ್ಕೊಂಡ್ರ ಪಾಪ ಏನ, ಆಯಿ?" ಎಂದು ಕೇಳಿದೆ.

"ಜೀವ ಹೋದ ಮ್ಯಾಲ ಅದು ಬಿಚ್ಚಿಟ್ಟ ಅರಿವಿ. ಇಟ್ಕೊಂಡ್ರ ಇಟ್ಕೋ, ಬಿಟ್ರ ಬಿಡು, ಅದಕ್ಕೇನ ಆಗಬೇಕು? ಆದ್ರ ಆಕಿ ಇನ್ನಾ ಉಟಗೊಂಡಿದ್ಲಲ್ಲ, ಅವ್ವಿ. ಉಟಗೊಂಡಾಕಿ ಮೈಯಾಗಿಂದ ಅಳತಿ ತಗೊಳ್ಳಾಕ ಹೋದ್ಯಲ್ಲ."

ಐದನೆಯ ದಿನ ನಸುಕಿನಲ್ಲಿ ನೀಲವ್ವ ತಾನಾಗಿ ಸತ್ತಳು. ಪಾಟೀಲ ಸರ್ ಮೈಸೂರಿಗೆ ತಂತಿ ಹೊಡೆದರು. ಮೀನು ಮಾರ್ಕೆಟ್ಟಿನಿಂದ ಬರ್ಫದ ಗಡ್ಡೆ ತರಿಸಲು ನನಗೆ ಹೇಳಿದರು. ನಾನು ಮಾರ್ಕೆಟ್ಟಿನ ದಾರಿಯಲ್ಲೇ ಹೊರಟೆ. ಆದರೆ ಕಾಲು ಅಧಿಕಾರಿಯ ಕಚೇರಿಗೆ ಹೋಯಿತು. ಅರ್ಜಿಯ ಕೆಳಗೆ ನನ್ನ ಸಹಿಯಿತ್ತು. ಅದನ್ನು ವಾಪಸು ತೆಗೆದುಕೊಳ್ಳುತ್ತೇನೆ, ಪರಶುರಾಮನಿಗೆ ಒಪ್ಪಿಸಿ ಎಂದು ಇನ್ನೊಂದು ಸಹಿ ಹಾಕಿದೆ. ಅವರು ಅರಣ್ಯ ಕಚೇರಿಗೂ ಒಂದು ಚೀಟಿ ಬರೆದುಕೊಟ್ಟು, "ಆ ಕಬ್ಬಿಣಕ್ಕ ಹಲ್ಲು ಭಾಳ ಚೂಪು ಇದ್ದೂ ಅನಸ್ತೈತಿ" ಎಂದಷ್ಟೇ ಹೇಳಿದರು.

ಪಾಟೀಲ ಸರ್ ಬಯ್ಯಲಿಲ್ಲ. ಬಯ್ದಿದ್ದರೆ ಚೆನ್ನಾಗಿತ್ತು. ಕನ್ನಡಕ ತೆಗೆದು ಒರೆಸಿಕೊಂಡು, "ನಾಳೆ ಕಾಡಿನ್ಯಾಗ ಕರಡಿ ಉಳೀಲಿಲ್ಲಂದ್ರ ಹುಡುಗರಿಗೆ ಏನ ತೋರಸ್ತೀ? ನಿನ್ನ ಪಶ್ಚಾತ್ತಾಪ ತೋರಸ್ತೀಯೇನು?" ಎಂದರು. ಇಂದಿಗೂ ಕರಡಿಯ ಪಾಠ ಬಂದಾಗ ಕಪ್ಪು ಹಲಗೆಯ ಮೇಲೆ ನಾನು ಬಿಡಿಸುವ ಚಿತ್ರವನ್ನು ಹಿಂದಿನ ಬೆಂಚಿನವರು ಎಮ್ಮೆ ಎಂದು ಗುರುತಿಸುತ್ತಾರೆ. ಆಗೆಲ್ಲ ಸರ್ ಹೇಳಿದ್ದು ಸರಿ ಎನ್ನಿಸುತ್ತದೆ. ಕೊನೆಗೆ ಅವರು, "ಒಂದು ಉಗುರಾದ್ರೂ ತಗೊಂಡ ಬಾ" ಎಂದು ಕೊಯ್ಯುವ ಚೂರಿಯನ್ನು ಬಟ್ಟೆಯಲ್ಲಿ ಸುತ್ತಿ ನನ್ನ ಚೀಲದಲ್ಲಿಟ್ಟರು. ಅಷ್ಟನ್ನೂ ಇಲ್ಲವೆನ್ನಲು ನನಗೆ ಬಾಯಿ ಬರಲಿಲ್ಲ.

ತೋಟದ ಗೊಬ್ಬರದ ಲಾರಿಯಲ್ಲಿ ಖಾನಾಪುರದ ಕಡೆ ಹೊರಟೆವು. ಮುಂದೆ ಚಾಲಕ ಮತ್ತು ನಾನು, ಹಿಂದೆ ತಾಡಪತ್ರಿ ಹೊದಿಸಿದ ನೀಲವ್ವನ ಬಾಜೂ ಪರಶುರಾಮ ಮಾಮಾ. ದಾರಿಯಲ್ಲಿ ಒಂದೊಂದು ಗುಂಡಿಗೆ ಲಾರಿ ಎಗರಿದಾಗಲೂ ಹಿಂದಿನಿಂದ "ಉಗಿ, ಉಗಿ" ಎಂದು ಕೇಳುತ್ತಿತ್ತು. ನನಗೆ ಆ ಹತ್ತು ಎಣಿಕೆಯೇ ಮತ್ತೆ ಮತ್ತೆ ಬರುತ್ತಿತ್ತು. ಇಂದಿಗೂ ಬರುತ್ತದೆ, ಬಸ್ಸಿನಲ್ಲಿ, ಪಾಠದ ನಡುವೆ, ಸೀಮೆಸುಣ್ಣ ಕೈಯಲ್ಲಿದ್ದಾಗ. ಮನಸ್ಸಿನಲ್ಲಿ ನಾನು ಪ್ರತಿ ಸಲವೂ ಟೇಪನ್ನು ಬೇಗ ಬಿಡುತ್ತೇನೆ. ಅವನ ಕೈ ಪ್ರತಿ ಸಲವೂ ಉಳಿಯುತ್ತದೆ. ನಿಜದ ಕೈಯ ಎರಡು ಬೆರಳು ಆಮೇಲೆ ಮಡಚಲು ಬರಲೇ ಇಲ್ಲ.

ಕಾಡಂಚಿನಲ್ಲಿ ಅವನ ಅಣ್ಣತಮ್ಮಂದಿರು ಗುಂಡಿ ತೋಡಿ ಕಾಯುತ್ತಿದ್ದರು. ಕೆಂಪು ಮಣ್ಣು. ಹತ್ತಿಪ್ಪತ್ತು ಜನ ನೆರೆದಿದ್ದರು. ಅವಳನ್ನು ಯಾವ ಮಗ್ಗುಲಿಗೆ ಮಲಗಿಸಬೇಕೆಂದು ಮುದುಕರಿಬ್ಬರು ಮರಾಠಿಯಲ್ಲಿ ಜಗಳ ತೆಗೆದರು. ಒಬ್ಬ, ಮನುಷ್ಯರ ಹಾಗೆ ದಿಕ್ಕು ನೋಡಬೇಕೆಂದ. ಇನ್ನೊಬ್ಬ, ಕರಡಿಗೆ ಯಾವ ದಿಕ್ಕೋ, ಜೇನಿದ್ದ ಕಡೆ ಅದರ ತಲೆ ಎಂದ. ಎಲ್ಲರೂ ನಕ್ಕರು. ಪರಶುರಾಮ ಮಾಮಾನೂ ನಕ್ಕ. ಅವನ ಎಡಗೈ ಕುತ್ತಿಗೆಗೆ ಕಟ್ಟಿದ ಬಟ್ಟೆಯ ಜೋಲಿಯಲ್ಲಿತ್ತು. ಬಲಗೈಯಿಂದ ತಲೆಯನ್ನು ತಾನೇ ಹಿಡಿದು ಇಳಿಸಿದ.

ಆಮೇಲೆ ನನ್ನ ಕಡೆ ನೋಡಿದ. ನಾನು ಚೀಲದಿಂದ ಚೂರಿ ತೆಗೆದು ನಿಂತಿದ್ದೆ. ತೆಗೆದದ್ದು ಯಾವಾಗ ಎಂದು ನನಗೇ ಗೊತ್ತಿರಲಿಲ್ಲ.

"ಪಾಟೀಲ ಸರ್ ಒಂದು ಉಗುರು ಕೇಳ್ಯಾರ" ಎಂದೆ.

"ತಗೋರ್ರಿ, ಬಾಯಾರ" ಎಂದ ಅವನು. ದನಿಯಲ್ಲಿ ಸಿಟ್ಟಿರಲಿಲ್ಲ. "ನಿಮ್ಮ ಅರಿವಿ ಹರದ ಉಗುರು. ನಿಮಗ ಹಕ್ಕ ಐತಿ."

ಗುಂಡಿಗೆ ಇಳಿದೆ. ಆ ಮುಂಗಾಲನ್ನೇ ಎತ್ತಿಕೊಂಡೆ. ಅಷ್ಟು ಭಾರವಿರುತ್ತದೆಂದು ಅಂದುಕೊಂಡಿರಲಿಲ್ಲ. ಅಂಗಾಲು ಕೂಸಿನ ಅಂಗಾಲಿನಂತೆ ಮೆತ್ತಗಿತ್ತು, ಒಂದೇ ಜಾಗದಲ್ಲಿ ಚೀಪಿ ಚೀಪಿ ನುಣುಪಾಗಿತ್ತು. ಉಗುರುಗಳ ನಡುವೆ ನನ್ನ ಸೀರೆಯ ಹಸಿರು ಎಳೆಯೊಂದು ಇನ್ನೂ ಸಿಕ್ಕಿಕೊಂಡಿತ್ತು. ಅದನ್ನು ಬಿಡಿಸಲು ನೋಡಿದೆ, ಗಂಟು ಬಿದ್ದಿತ್ತು. ಚೂರಿಯಿಂದ ಆ ಎಳೆಯನ್ನು ಕತ್ತರಿಸಿ ತೆಗೆದೆ. ಐದೂ ಉಗುರುಗಳೊಂದಿಗೆ ಮುಂಗಾಲನ್ನು ಅವಳ ಬಾಯಿಯ ಹತ್ತಿರ, ಅವಳು ಇಟ್ಟುಕೊಳ್ಳುತ್ತಿದ್ದ ಕಡೆ ಇಟ್ಟೆ.

ಮೇಲೆ ಹತ್ತಿ ಬರಲು ಪರಶುರಾಮ ಮಾಮಾ ಬಲಗೈ ಚಾಚಿದ. ಎಲ್ಲರೂ ಅವನು ಹೇಳಲೆಂದು ಕಾಯುತ್ತಿದ್ದರು. ಅವನು ಗುಂಡಿಗೆ ಬೆನ್ನು ಮಾಡಿ ನಿಂತ.

"ಮಣ್ಣ ಹಾಕ್ರಿ" ಎಂದು ನಾನೇ ಹೇಳಿದೆ.